ಆ ಮನೆಗೆ ಗಂಡುಮಕ್ಕಳು ದಕ್ಕಲ್ಲ

ತೀರ್ಥಹಳ್ಳಿ ಹತ್ತಿರದ ನಮ್ಮಮ್ಮನ ತವರಿನ ಬಗ್ಗೆ ಊರವರು ಹೇಳೋ ಮಾತಿದು. ಅಜ್ಜಿಯ ಇಬ್ಬರು, ಚಿಕ್ಕಮ್ಮನ ಒಬ್ಬ, ಮೂರೂ ಗಂಡು, ಐದು ತುಂಬೋದರೊಳಗೆ ಹೋದವು. ಹೆಣ್ಣುಮಕ್ಕಳೆಲ್ಲ ಗಟ್ಟಿ. ಅಜ್ಜಿ ಅದನ್ನ ಚೌಡಿಯ ಲೆಕ್ಕಕ್ಕೆ ಬರೆದರು. ವರ್ಷಾವರ್ಷ ಕೋಳಿ ಹೋಯಿತು.

ಅಕ್ಕನ ಮಗನಿಗೆ ಹುಟ್ಟಿದಾಗಿಂದ ಮೈತುಂಬಾ ಕಜ್ಜಿ, ಕಿವಿ ಸೋರೋದು, ಆಗಾಗ ಮೂಗಲ್ಲಿ ರಕ್ತ. ಪ್ಲೇಟ್‌ಲೆಟ್ ಕಮ್ಮಿ ಅಂದರೆ ಮಲೆನಾಡಲ್ಲಿ ಮೊದಲು ಡೆಂಗಿ, ಆಮೇಲೆ ಮಂಗನ ಕಾಯಿಲೆ ನೆನಪಾಗುತ್ತೆ. 1957ರಲ್ಲಿ ಅದು ಪತ್ತೆಯಾದದ್ದೇ ಸೊರಬದ ಕ್ಯಾಸನೂರು ಕಾಡಲ್ಲಿ, ತಪ್ಪೇನಿಲ್ಲ. ಆದರೆ ಇವನಿಗೆ ಜ್ವರ ಬಿಟ್ಟರೂ ಪ್ಲೇಟ್‌ಲೆಟ್ ಏರುತ್ತಿರಲಿಲ್ಲ. ಪ್ಲೇಟ್‌ಲೆಟ್ ಕಣಗಳ ಗಾತ್ರವೂ ಸಣ್ಣದು. ಅದೇ ರಿಪೋರ್ಟಿನ 'ಎಂಪಿವಿ' ಅಂದರೆ ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರದ ಸಾಲಲ್ಲಿ ಅದು ಪ್ರತಿಸಲ ಅಚ್ಚಾಗುತ್ತಿತ್ತು, ಯಾರೂ ಓದಲಿಲ್ಲ.

ಎಂಟನೇ ವರ್ಷಕ್ಕೆ ಕುತ್ತಿಗೆಯಲ್ಲಿ ಗಂಟು. ಸೂಜಿ ಕೂಡ ಹಾಕಿ ನೋಡದೆ ಟಿಬಿ ಮಾತ್ರೆ ಶುರುವಾಯಿತು. ಎರಡು ತಿಂಗಳು ನುಂಗಿದ ಮೇಲೆ ಬೆಂಗಳೂರಲ್ಲಿ ಬಯಾಪ್ಸಿ: ಲಿಂಫೋಮ, ಬಿಳಿ ರಕ್ತಕಣದ ಕ್ಯಾನ್ಸರ್. ಅದಕ್ಕಿಂತ ಹಳೆಯದು ಅದರ ಹಿಂದಿದ್ದ ಕಾಯಿಲೆ, ವಿಸ್ಕಾಟ್-ಆಲ್ಡ್ರಿಚ್: ರೋಗ ತಡೆಯೋ ಶಕ್ತಿಯೇ ಹುಟ್ಟಿನಿಂದ ಕುಂದಿರೋ ವಂಶವಾಹಿ ಕಾಯಿಲೆ.

ಎಪ್‌ಸ್ಟೀನ್-ಬಾರ್ ಅನ್ನೋ ವೈರಸ್ ಹೆಚ್ಚುಕಮ್ಮಿ ನಮ್ಮೆಲ್ಲರ ಮೈಯಲ್ಲೂ ಇದೆಯಂತೆ. ಬಿಳಿ ರಕ್ತಕಣಗಳಲ್ಲಿ ಬಿ, ಟಿ ಅಂತ ಎರಡು ಬಗೆ; ವೈರಸ್ ಬಿ ಕಣಗಳೊಳಗೆ ಮಲಗಿರುತ್ತೆ, ಟಿ ಕಣಗಳು ಕಾಯುತ್ತವೆ. ಇಂಥ ಮಕ್ಕಳಲ್ಲಿ ಕಾವಲೇ ಸೋತಿರೋದರಿಂದ ಆ ಬಿ ಕಣಗಳು ಕೇಳೋರಿಲ್ಲದ ಹಾಗೆ ಬೆಳೆದು ಗಂಟಾಗಬಹುದು. ಹಾಗಾಗಿ ಕೀಮೋ ಒಂದೇ ಸಾಲದು, ಈ ಕಣಗಳು ಹುಟ್ಟೋ ಅಸ್ಥಿಮಜ್ಜೆಯನ್ನೇ ಬದಲಿಸಬೇಕು. ಒಡಹುಟ್ಟಿದವರದ್ದು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಪುಟ್ಟಿಯದು ಹೊಂದಿತು. ಮೂಲ ಕಾಯಿಲೆ ಗೊತ್ತಿರೋದು ಎಷ್ಟು ಮುಖ್ಯ ಅಂದರೆ, ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಅನ್ನೋ ಇನ್ನೊಂದು ಇಂಥದ್ದೇ ಕಾಯಿಲೆಯ ಮಕ್ಕಳಿಗೆ ಮಾಮೂಲಿ ರೇಡಿಯೇಷನ್ನೇ ಮುಳುವಾಗುತ್ತೆ.

1937ರಲ್ಲಿ ಜರ್ಮನಿಯ ಡಾಕ್ಟರ್ ವಿಸ್ಕಾಟ್ ನಮ್ಮ ಹುಡುಗನ ಈ ಕಾಯಿಲೆಯನ್ನ ಕಂಡದ್ದು ಮೂವರು ಅಣ್ಣತಮ್ಮಂದಿರಲ್ಲಿ. ಅವರ ಅಕ್ಕತಂಗಿಯರಿಗೆ ಏನೂ ಇರಲಿಲ್ಲ. ಓದಿದಾಗ ನಮ್ಮಜ್ಜಿ ಮನೆ ಜಗುಲಿಯೇ ಕಣ್ಣಮುಂದೆ ಬಂತು. ದೋಷ ಇರೋದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೆ ಇನ್ನೊಂದು ನಿಭಾಯಿಸುತ್ತೆ. ಗಂಡಿಗೆ ಇರೋದೇ ಒಂದು.

ನನ್ನ ಸಿಟ್ಟು ಚೌಡಿ ಮೇಲಲ್ಲ, ಅಜ್ಜಿ ಮೇಲಂತೂ ಅಲ್ಲ. ಮೂರೂ ಗಂಡು ಅನ್ನೋದನ್ನ ಗಮನಿಸಿದ್ದು ಅವರೊಬ್ಬರೇ. ಎಂಟು ವರ್ಷ ಬಿಳಿಕೋಟಿನವರ ಮುಂದೆ ಕೂತ ಅಕ್ಕನಿಗೆ "ತವರಲ್ಲಿ ಗಂಡುಮಕ್ಕಳು ಸಣ್ಣಕ್ಕಿದ್ದಾಗಲೇ ಹೋಗಿದ್ದುಂಟಾ" ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ, ಮರ್ಯಾದೆ ಪ್ರಶ್ನೆ ನೋಡಿ.

"ಮದುವೆಗೆ ಬಂದ ಹುಡುಗಿಯರಿದಾರೆ, ಬರೀಬೇಡ ಮಾರಾಯ್ತಿ" ಅಂದರು ಮಾವ. ಚಿಕ್ಕಮ್ಮನ ಆ ಇಬ್ಬರು ಹುಡುಗಿಯರೇ ಹೋದ ವಾರ ನನ್ನ ಜೊತೆ ಬಸ್ ಹತ್ತಿ, ಜೀನ್ ಪರೀಕ್ಷೆಗೆ ರಕ್ತ ಕೊಟ್ಟು ಬಂದರು.