ಸೋಲಿಗರ ಬೆಟ್ಟದಲ್ಲಿ ಒಂದು ಸಂಸ್ಥೆ ಬೆಳೆದ ಬಗೆ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಲ್ಲಿ ಹೆಚ್ಚಿನವರು ರಂಗನಾಥನ ದರ್ಶನ ಮಾಡಿ ಸಂಜೆಯೊಳಗೆ ಇಳಿದುಬಿಡುತ್ತಾರೆ. ಅದೇ ಬೆಟ್ಟದಲ್ಲಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ (ವಿ.ಜಿ.ಕೆ.ಕೆ.) ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಅದನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಅವರ ಹೆಸರು ಬಹಳ ಜನಕ್ಕೆ ಗೊತ್ತು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದದ್ದೂ ಗೊತ್ತಿರಬಹುದು. ಆದರೆ ಸಂಸ್ಥೆ ಹೇಗೆ ಬೆಳೆಯಿತು ಅಂತ ಕೇಳುವವರು ಕಡಿಮೆ. ನನಗೆ ಮುಖ್ಯ ಅನಿಸುವುದು ಅದೇ.

ಸುದರ್ಶನ್ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ, ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬೆಟ್ಟಕ್ಕೆ ಬಂದವರು. ಆಗ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಸ್ಥಿತಿ ಹೇಗಿತ್ತು ಅನ್ನುವುದು ಗೊತ್ತಿರಬೇಕು. 1974ರಲ್ಲಿ ಬೆಟ್ಟ ಅಭಯಾರಣ್ಯವಾಗಿತ್ತು. ತಲೆಮಾರುಗಳಿಂದ ಕಾಡಿನಲ್ಲಿ ಜಾಗ ಬದಲಿಸುತ್ತಾ ರಾಗಿ ಬೆಳೆದುಕೊಂಡಿದ್ದವರು ಆ ಬೇಸಾಯ ಬಿಟ್ಟು, ತೋರಿಸಿದ ಕಡೆ ಪೋಡು (ಸೋಲಿಗರ ಪುಟ್ಟ ಊರು) ಕಟ್ಟಿಕೊಂಡು ನೆಲೆ ನಿಲ್ಲಬೇಕಾಯಿತು. ರಂಗನಾಥ ಇವರಿಗೆ ಬರೀ ದೇವರಲ್ಲ, ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಭಾವ. ಬೆಟ್ಟದ ಒಡೆಯನನ್ನೇ ನೆಂಟ ಅಂತ ಕರೆಯುವ ಜನ ಆ ಬೆಟ್ಟದಲ್ಲಿ ಅಪ್ಪಣೆ ಕೇಳಿಕೊಂಡು ಬದುಕಬೇಕಾಯಿತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

1981ರಲ್ಲಿ ಕೇಂದ್ರ ಶುರುವಾದಾಗ ಇದ್ದದ್ದು ಒಂದು ಗುಡಿಸಲು, ಒಂದಿಷ್ಟು ಔಷಧಿ. ಹೊರಗಿನವರನ್ನು ಕಂಡರೆ ಸೋಲಿಗರು ಹತ್ತಿರ ಬರುತ್ತಿರಲಿಲ್ಲ, ಹಾಗಾಗಿ ಡಾಕ್ಟರೇ ಪೋಡುಗಳಿಗೆ ನಡೆದುಕೊಂಡು ಹೋಗಬೇಕಿತ್ತು. ಜ್ವರಕ್ಕೆ ಮಾತ್ರೆ ಕೊಡಬಹುದು, ಕರಡಿ ಪರಚಿದ ಗಾಯಕ್ಕೆ ಹೊಲಿಗೆ ಹಾಕಬಹುದು. ಆದರೆ ಹೊಟ್ಟೆಗೆ ಸಾಲದ ಮಗು ಮತ್ತೆ ಮತ್ತೆ ಕಾಯಿಲೆ ಬೀಳುತ್ತಿದ್ದರೆ ಮಾತ್ರೆ ಏನು ಮಾಡೀತು? ಭೂಮಿ ಇಲ್ಲ, ಓದು ಇಲ್ಲ, ಕಾಡಿನಿಂದ ತಂದದ್ದಕ್ಕೆ ಸರಿಯಾದ ಬೆಲೆ ಇಲ್ಲ. ಅದೇ ವರ್ಷ ಬೆರಳೆಣಿಕೆಯ ಮಕ್ಕಳನ್ನು ಕೂರಿಸಿಕೊಂಡು ಶಾಲೆ ಶುರು ಮಾಡಿದ್ದು ಅದಕ್ಕೇ. ಆಮೇಲೆ ಅದು ಹಾಸ್ಟೆಲ್ ಇರುವ ಶಾಲೆಯಾಯಿತು, ಪಿಯುಸಿವರೆಗೂ ಬೆಳೆಯಿತು, ಕೈಕಸುಬು ಕಲಿಸುವ ಕೇಂದ್ರ ಬಂತು, ಬುಡಕಟ್ಟು ಹೆಣ್ಣುಮಕ್ಕಳಿಗೆ ನರ್ಸಿಂಗ್ ತರಬೇತಿ ಬಂತು. ಅಲ್ಲಿ ಓದಿದ ಸೋಲಿಗ ಹುಡುಗನೊಬ್ಬ ಮುಂದೆ ಪಿಎಚ್‌ಡಿ ಮಾಡಿದರು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ವಿಷಯ. ಡಾಕ್ಟರು ಅಲ್ಲಿ ಕಲಿಸಲು ಮಾತ್ರ ಹೋಗಲಿಲ್ಲ, ಕಲಿತರು. ಸೋಲಿಗ ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಹೆರುವುದನ್ನು ಕಂಡು, ಇದು ಹಿಂದುಳಿದ ಪದ್ಧತಿ ಅಂತ ತಳ್ಳಿಹಾಕದೆ, ಇದರಲ್ಲಿ ತಿಳಿವಳಿಕೆ ಇದೆ ಅಂತ ಒಪ್ಪಿಕೊಂಡರು. ಅವರ ಗಿಡಮೂಲಿಕೆಗಳಿಗೂ ಬೆಲೆ ಕೊಟ್ಟರು. ಉದ್ಧಾರ ಮಾಡುತ್ತೇವೆ ಅಂತ ಹೊರಡುವ ಎಷ್ಟೋ ಜನರಲ್ಲಿ ಈ ಗುಣ ನಾನು ನೋಡಿಲ್ಲ.

ಬೆಟ್ಟದ ಕೆಳಗೆ ಯಳಂದೂರಿನಲ್ಲಿ ಕುಷ್ಠರೋಗ ಜಾಸ್ತಿ ಇತ್ತು. ಅದಕ್ಕಾಗಿ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಅದು ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಕಟ್ಟಡ ಸರ್ಕಾರದ್ದು, ಹಣ ಬಹುಪಾಲು ಸರ್ಕಾರದ್ದು, ನಡೆಸುವವರು ಟ್ರಸ್ಟಿನವರು. ಈ ಮಾದರಿ ಅರುಣಾಚಲ ಪ್ರದೇಶದವರೆಗೂ ಹೋಯಿತು. ಇಲ್ಲಿ ನನಗೊಂದು ಅಳುಕಿದೆ, ಹೇಳಿಬಿಡುತ್ತೇನೆ. ಒಳ್ಳೆಯ ಸಂಸ್ಥೆ ಸಿಕ್ಕ ಕಡೆ ಆಸ್ಪತ್ರೆ ಚೆನ್ನಾಗಿ ನಡೆಯುತ್ತದೆ, ಸಿಗದ ಕಡೆ? ಡಾಕ್ಟರ್ ಇಲ್ಲದ ಆಸ್ಪತ್ರೆಗೆ ಉತ್ತರ ಕೊಡಬೇಕಾದದ್ದು ಸರ್ಕಾರ. ಆ ಹೊಣೆ ಟ್ರಸ್ಟುಗಳ ಹೆಗಲಿಗೆ ಜಾರಬಾರದು ಅನ್ನುವುದು ನನ್ನ ನಿಲುವು.

ಇನ್ನು 2006. ಆ ವರ್ಷ ಅಭಯಾರಣ್ಯದಿಂದ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೆ ತಡೆ ಬಿತ್ತು. ಎಷ್ಟೋ ಮನೆಗಳ ಕೈಗೆ ಬರುತ್ತಿದ್ದ ಕಾಸೇ ನಿಂತಿತು. ಕಾಡಿನಲ್ಲಿ ಬದುಕುವವರಿಗೆ ಕಾಡಿನ ಮೇಲೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಬಂದದ್ದೂ ಅದೇ ವರ್ಷ. ಸೋಲಿಗರು ತಮ್ಮದೇ ಸಂಘ ಕಟ್ಟಿಕೊಂಡು ಕಾಯ್ದೆ ಹಿಡಿದು ಹೊರಟರು. ಪೋಡು ಪೋಡುಗಳಲ್ಲಿ ಗ್ರಾಮಸಭೆ ಸೇರಿಸಿದರು, ತಮ್ಮ ದೇವರ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು, ಅರ್ಜಿ ಬರೆದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಇನ್ನು ಮುಗಿಯಿತು ಅಂತ ಬಹಳ ಜನ ಅಂದುಕೊಂಡರು. ಅದೇ ಅಕ್ಟೋಬರಿನಲ್ಲಿ 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅದೇ ಮೊದಲು.

ಈ ಹಕ್ಕನ್ನು ಗೆದ್ದವರು ಸೋಲಿಗರು. ವಿ.ಜಿ.ಕೆ.ಕೆ.ಗೆ ಅದರ ಹಾರ ಹಾಕಲು ನಾನು ಹೊರಟಿಲ್ಲ. ಬೇರೆ ಸಂಘಟನೆಗಳೂ, ಸಂಶೋಧಕರೂ ಜೊತೆಗಿದ್ದರು. ಆದರೆ ಓದು ಬರಹ ಬಲ್ಲ, ಅಧಿಕಾರಿಯ ಎದುರು ಕೂತು ಮಾತಾಡಬಲ್ಲ ಒಂದು ತಲೆಮಾರು ಬೆಟ್ಟದಲ್ಲಿ ತಯಾರಾಗುವುದಕ್ಕೆ ಆ ಶಾಲೆಯೂ ದೊಡ್ಡ ಕಾರಣ. 1981ರಲ್ಲಿ ಡಾಕ್ಟರನ್ನು ಕಂಡು ದೂರ ಸರಿದವರ ಮಕ್ಕಳು 30 ವರ್ಷದಲ್ಲಿ ತಮ್ಮ ಕಾಡಿನ ಹಕ್ಕುಪತ್ರ ಪಡೆದರು. ಸಂಸ್ಥೆ ಬೆಳೆಯಿತು ಅಂತ ನಾನು ಹೇಳುವುದು ಇದನ್ನು ನೋಡಿ.

ಇಂಥ ಕಡೆಗಳಿಗೆ ದಾನ ಕೊಡುವ ಗೆಳೆಯರಲ್ಲಿ ಒಂದು ಕೋರಿಕೆ. ಕಟ್ಟಡಕ್ಕೆ, ಕಂಪ್ಯೂಟರಿಗೆ, ಆಂಬುಲೆನ್ಸಿಗೆ ಕೊಡುವವರು ಹೇಗೋ ಸಿಗುತ್ತಾರೆ. ಪೋಡಿನಿಂದ ಪೋಡಿಗೆ ಓಡಾಡುವ ನರ್ಸ್‌ಗಳ, ರಾತ್ರಿ ಹಾಸ್ಟೆಲ್‌ನಲ್ಲಿ ಮಕ್ಕಳ ಜೊತೆ ಇರುವ ಮೇಷ್ಟ್ರುಗಳ ಸಂಬಳಕ್ಕೆ ಕೊಡುವವರು ಕಡಿಮೆ. ಕೊಡುವಾಗ ಸಂಬಳಕ್ಕೆ ಅಂತ ಕೊಡಿ. ಆ ನರ್ಸ್, ಆ ಮೇಷ್ಟ್ರು ಅದೇ ಪೋಡಿನವರಾ ಅಂತಲೂ ಒಮ್ಮೆ ಕೇಳಿ.