ಸತ್ಯಾಂಶ: ಚಲಿಸುವ ಜೋಡಣಾ ಸಾಲು ಶುರುವಾದದ್ದು ಈ ಕಟ್ಟಡದಲ್ಲಲ್ಲ

ಅಮೆರಿಕದ ಡೆಟ್ರಾಯಿಟ್ ನಗರದ ಪಿಕೆಟ್ ಅವೆನ್ಯೂದಲ್ಲಿರುವ ಫೋರ್ಡ್ ಕಂಪನಿಯ ಹಳೆಯ ಕಾರ್ಖಾನೆಯಲ್ಲೇ ಜಗತ್ತಿನ ಮೊದಲ ಕಾರು ತಯಾರಾಯಿತು, ಚಲಿಸುವ ಜೋಡಣಾ ಸಾಲೂ ಅಲ್ಲಿಯೇ ಆರಂಭವಾಯಿತು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಎರಡೂ ಸರಿಯಲ್ಲ. ಜರ್ಮನಿಯ ಕಾರ್ಲ್ ಬೆಂಜ್ ಮೋಟಾರು ವಾಹನಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. ಈ ಕಟ್ಟಡ ಎದ್ದದ್ದು 1904ರಲ್ಲಿ.

1908ರಲ್ಲಿ ಫೋರ್ಡ್‌ನ ಮಾಡೆಲ್ ಟಿ ಕಾರು ಇಲ್ಲಿ ರೂಪುಗೊಂಡದ್ದು ನಿಜ, ಕಟ್ಟಡದ ಹಿರಿಮೆಗೆ ಅಷ್ಟೇ ಸಾಕು. ಈಗ ವಸ್ತುಸಂಗ್ರಹಾಲಯವಾಗಿರುವ ಈ ಮೂರಂತಸ್ತಿನ ಇಟ್ಟಿಗೆ ಕಟ್ಟಡ, ಹಗಲಿನ ಬೆಳಕನ್ನು ನೆಚ್ಚಿದ್ದ ಹಳೆಯ ಬಟ್ಟೆ ಗಿರಣಿಗಳಂತೆ ಉದ್ದವಾಗಿ, ಕಿರಿದಾಗಿ, ಸಾಲು ಕಿಟಕಿಗಳಿಂದ ಕೂಡಿದೆ. ಅಲ್ಲಿ ಕಾರು ನಿಂತಲ್ಲೇ ಇರುತ್ತಿತ್ತು; ಕೆಲಸಗಾರರು ಬಿಡಿಭಾಗಗಳನ್ನು ಅದರ ಬಳಿಗೆ ತಂದು ಜೋಡಿಸುತ್ತಿದ್ದರು. ಕಾರೇ ಕೆಲಸಗಾರರ ಮುಂದೆ ಸಾಗುವ ವ್ಯವಸ್ಥೆ, ಅಂದರೆ ಚಲಿಸುವ ಜೋಡಣಾ ಸಾಲು, ಬಂದದ್ದು 1913ರಲ್ಲಿ, ಕಂಪನಿ 1910ರಲ್ಲಿ ಸ್ಥಳಾಂತರಗೊಂಡ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ. ಸುಮಾರು 12 ಗಂಟೆ ಹಿಡಿಯುತ್ತಿದ್ದ ಚಾಸಿಯ (ಕಾರಿನ ತಳಚೌಕಟ್ಟಿನ) ಜೋಡಣೆ ಅಲ್ಲಿ ಒಂದೂವರೆ ಗಂಟೆಗೆ ಇಳಿಯಿತು. ಕಂಪನಿಯೂ ಒಂದೇ, ಕಾರೂ ಒಂದೇ ಆದ್ದರಿಂದ ಗೊಂದಲ ಸಹಜವೇ.

ಇಂಥ ಸಂದೇಶ ಬಂದಾಗ ಕಟ್ಟಡ ಕಟ್ಟಿದ ವರ್ಷ, ಕಾರ್ಖಾನೆ ಅಲ್ಲಿಂದ ತೆರಳಿದ ವರ್ಷ, ಹೇಳಲಾದ ಘಟನೆಯ ವರ್ಷ ಈ ಮೂರನ್ನೂ ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಅಥವಾ ವಿಶ್ವಕೋಶದಲ್ಲಿ ನೋಡಿ ಹೋಲಿಸಬಹುದು. ಜೊತೆಗಿರುವ ಚಿತ್ರ ಯಾವ ಕಾರ್ಖಾನೆಯದು ಎಂಬುದನ್ನು ಗೂಗಲ್‌ನ ಚಿತ್ರಶೋಧದಿಂದ ಪತ್ತೆಹಚ್ಚಲು ಯತ್ನಿಸಬಹುದು.