ಮೊದಲು ಜೀನ್, ಆಮೇಲೆ ಅಲ್ಟ್ರಾಸೌಂಡ್

ಇವತ್ತು ಬೆಳಿಗ್ಗೆ ಬನಶಂಕರಿಯ ನಮ್ಮ ಪಾರ್ಕಿನಲ್ಲಿ ವಾಕಿಂಗ್ ಬಂದ ಹಿರಿಯರಿಗೆಲ್ಲ ಒಬ್ಬ ಹುಡುಗ ಕರಪತ್ರ ಹಂಚುತ್ತಿದ್ದ. ಅಲ್ಟ್ರಾಸೌಂಡ್ ಯಂತ್ರದಿಂದ, ಅಂದರೆ ಕಿವಿಗೆ ಕೇಳದ ಶಬ್ದದ ಅಲೆಗಳಿಂದ, ಸತ್ತ ಕೋಶಕ್ಕೆ ಮತ್ತೆ ಜೀವವಂತೆ. ಮಂಡಿನೋವು, ಸಕ್ಕರೆ ಕಾಯಿಲೆ, ಕೈನಡುಕ, ಎಲ್ಲ ವಾಸಿಯಂತೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಮೆರಿಕದ ಸಂಶೋಧನೆ'. ಮೈಯೆಲ್ಲ ಉರಿದುಹೋಯಿತು.

ಲ್ಯಾಬಿನಲ್ಲಿ ಕೋಶ ಬೆಳೆಸುವುದೇ ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. ಅಮೆರಿಕದ ಆ ಸಂಶೋಧನೆ ನನಗೆ ತುಂಬಾ ಇಷ್ಟ. ಅದಕ್ಕೇ ಸಿಟ್ಟು ಜಾಸ್ತಿ.

2015ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಶ್ರೀಕಾಂತ್ ಚಲಸಾನಿ ಅವರ ತಂಡ ಒಂದು ಮಿಲಿಮೀಟರ್ ಉದ್ದದ ಹುಳುವಿನ ನರಕೋಶಗಳನ್ನು ಅಲ್ಟ್ರಾಸೌಂಡ್‌ನಿಂದ ಕೆಲಸಕ್ಕೆ ಹಚ್ಚಿತು. ಹುಳು ಹೋಗುವ ದಿಕ್ಕೇ ಬದಲಾಯಿತು! ಬೆಳಕಿನಿಂದ ಇದೇ ಕೆಲಸ ಮಾಡಿಸಲು ಸಾಮಾನ್ಯವಾಗಿ ಮೆದುಳಿನೊಳಗೆ ಬೆಳಕು ಒಯ್ಯುವ ಸಣ್ಣ ಎಳೆ (ಫೈಬರ್) ಇಳಿಸಬೇಕು, ಬೆಳಕು ಮಾಂಸದೊಳಗೆ ದೂರ ಹೋಗುವುದಿಲ್ಲ. ಅಲ್ಟ್ರಾಸೌಂಡ್ ಆಳಕ್ಕೆ ಹೋಗುತ್ತದೆ. ಎಂಥ ಚೆಂದದ ವಿಷಯ ಅಲ್ವಾ?

ಆದರೆ ಆ ಕೋಶಗಳಿಗೆ ಮೊದಲು ಟಿಆರ್‌ಪಿ-4 ಎಂಬ ಪ್ರೋಟೀನಿನ ಜೀನ್ ಸೇರಿಸಿದ್ದರು. ಕೋಶದ ಪೊರೆಯಲ್ಲಿ ಒತ್ತಡ ಬಿದ್ದಾಗ ತೆರೆಯುವ ಬಾಗಿಲು ಅದು. ಅಲೆಯ ಬಲ ಹೆಚ್ಚಲಿ ಎಂದು ಹುಳುವಿನ ಸುತ್ತ ಪುಟ್ಟ ಅನಿಲಗುಳ್ಳೆಗಳನ್ನೂ ಇಟ್ಟಿದ್ದರು. 2022ರಲ್ಲಿ ಇಲಿಗಳ ಮೇಲೆ ಮಾಡಿದಾಗಲೂ ಅಷ್ಟೇ. ಮೆದುಳಿನ ಕೋಶಗಳಿಗೆ ಟಿಆರ್‌ಪಿಎ1 ಎಂಬ ಇನ್ನೊಂದು ಬಾಗಿಲಿನ ಜೀನ್ ಸೇರಿಸಿದರು, ಆಮೇಲೆ ಅಲ್ಟ್ರಾಸೌಂಡ್ ಕೊಟ್ಟರು, ಆಗ ಇಲಿಯ ಕಾಲು ಆಡಿತು. ಕರಪತ್ರದವರ ಯಂತ್ರದಲ್ಲಿ ಆ ಜೀನ್ ಎಲ್ಲಿದೆ? ಸತ್ತ ಕೋಶ ಎದ್ದದ್ದು ಯಾವ ಪ್ರಯೋಗದಲ್ಲಿ?

'ಫಿಸಿಯೋಥೆರಪಿಯಲ್ಲೂ ಅಲ್ಟ್ರಾಸೌಂಡ್ ಇಡ್ತಾರಲ್ಲಮ್ಮ, ಏನು ನಷ್ಟ?' ಎಂದರು ಪಕ್ಕದ ಮನೆ ಅಂಕಲ್. ಇಡುತ್ತಾರೆ, ನೋವಿದ್ದ ಜಾಗಕ್ಕೆ ಸ್ವಲ್ಪ ಶಾಖ ಸಿಗಲಿ ಅಂತ. ಅದರಿಂದ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಇವರ ಮಾತು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ? ನಷ್ಟ ಅದೇ ಅಂಕಲ್.

ಇನ್ನೊಂದು ಹೇಳಿಬಿಡುತ್ತೇನೆ. ಅಮ್ಮನಿಗೆ ಕೈನಡುಕ ಇದೆ. ಕಾಫಿ ಲೋಟ ಈಗ ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಆ ಕರಪತ್ರವನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಅದನ್ನು ನೋಡಿ ನನಗೆ ಅಳು ಬಂತು.

ಒಂದು ಬಗೆಯ ಕೈನಡುಕಕ್ಕೆ ನಿಜವಾಗಿಯೂ ಅಲ್ಟ್ರಾಸೌಂಡ್ ಚಿಕಿತ್ಸೆ ಇದೆ. ಅಮೆರಿಕದಲ್ಲಿ 2016ರಲ್ಲೇ ಒಪ್ಪಿಗೆ ಸಿಕ್ಕಿದೆ. ತಲೆಯ ಸುತ್ತ ಸಾವಿರಕ್ಕೂ ಹೆಚ್ಚು ಕಡೆಯಿಂದ ಅಲೆಗಳನ್ನು ಬಿಟ್ಟು, ಮೆದುಳಿನ ಆಳದಲ್ಲಿ ಒಂದೇ ಜಾಗದಲ್ಲಿ ಸೇರಿಸುತ್ತಾರೆ. ಎಂಆರ್‌ಐನಲ್ಲಿ ಬಿಸಿ ಎಷ್ಟು ಏರಿತು ಎಂದು ನೋಡುತ್ತಲೇ ಇರುತ್ತಾರೆ. ಅಲ್ಲೂ ಕೋಶಕ್ಕೆ ಜೀವ ಬರುವುದಿಲ್ಲ. ನಡುಕ ಹುಟ್ಟಿಸುವ ಆ ಪುಟ್ಟ ಜಾಗವನ್ನು ಸುಡುತ್ತಾರೆ.

ಸೋಮವಾರ ಅಮ್ಮನನ್ನು ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಅವಳ ನಡುಕ ಆ ಬಗೆಯದೇ? ತಲೆಬುರುಡೆಯ ಮೂಳೆ ಅಲೆಗಳನ್ನು ಒಳಗೆ ಬಿಡುತ್ತದೆಯೇ? ಎರಡೂ ಕೈಗೆ ಮಾಡಬಹುದೇ? ಇಷ್ಟನ್ನು ಅಮ್ಮನೇ ಕೇಳುತ್ತಾಳಂತೆ.